105 ದಾಟಿದ ಮೇಲೆ ಸಾವಿನ ಅಪಾಯ ಏರುವುದು ನಿಲ್ಲುತ್ತದಾ?

ಕುತೂಹಲಿ: ವಯಸ್ಸಾದಂತೆ ಸಾಯುವ ಅಪಾಯ ಜಾಸ್ತಿ ಆಗುತ್ತದೆ, ಅದು ಗೊತ್ತು. ಆದರೆ 105 ದಾಟಿದವರಲ್ಲಿ ಏರುವುದೇ ಇಲ್ಲ ಅಂತ ಓದಿದೆ. ಹೇಗೆ ಸಾಧ್ಯ?

ಲೆಕ್ಕದಹುಳು: 1825ರಲ್ಲಿ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ ಹೇಳಿದ ನಿಯಮ ಈಗಲೂ ಹೆಚ್ಚುಕಡಿಮೆ ಸರಿ. ನಡುವಯಸ್ಸಿನಿಂದಾಚೆ ಸುಮಾರು 8 ವರ್ಷಕ್ಕೊಮ್ಮೆ ಅಪಾಯ ದುಪ್ಪಟ್ಟಾಗುತ್ತದೆ. ಆದರೆ 2018ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 105 ದಾಟಿದವರ ಸಾವಿನ ಅಪಾಯದ ಗೆರೆ ಸಮತಟ್ಟಾಗಿ ಕಂಡಿತು. ಖುಷಿಪಡುವಂಥದ್ದೇನಲ್ಲ, ಆ ವಯಸ್ಸಿನಲ್ಲಿ ಇನ್ನೊಂದು ವರ್ಷ ಬದುಕುವುದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ.

ಅನುಮಾನಿ: ಸುಮ್ನೆ ನಂಬಬೇಡಿ. ಆ ವಯಸ್ಸಿನವರೇ ತುಂಬಾ ಕಡಿಮೆ, ಹಾಗಾಗಿ ಹುಟ್ಟಿದ ವರ್ಷ ತಪ್ಪಾಗಿ ದಾಖಲಾದ ಕೆಲವರು, ಅಂದರೆ ನಿಜಕ್ಕೂ 95 ಆಗಿದ್ದು 105ರ ಲೆಕ್ಕಕ್ಕೆ ಬಂದವರು ಸೇರಿಕೊಂಡರೂ ಸಾಕು, ಗೆರೆ ಬಾಗಿಬಿಡುತ್ತದೆ. ಅವರ ಅಪಾಯ ಕಡಿಮೆಯೇ ಅಲ್ವಾ?

ಹಳೇಓದುಗ: ದಾಖಲೆ ಸರಿಯಿದ್ದರೂ ಇನ್ನೊಂದು ಕಾರಣವಿದೆ. ದುರ್ಬಲರು ಮೊದಲೇ ಹೋಗುತ್ತಾರೆ, ಗಟ್ಟಿಗರು ಉಳಿಯುತ್ತಾರೆ. ಒಬ್ಬೊಬ್ಬರ ಅಪಾಯ ಏರುತ್ತಲೇ ಇದ್ದರೂ ಗುಂಪಿನ ಸರಾಸರಿ ನಿಂತಂತೆ ಕಾಣುತ್ತದೆ.

ಕುತೂಹಲಿ: ಹಾಗಾದರೆ ಆಯುಸ್ಸಿಗೆ ಮಿತಿ ಇಲ್ವಾ?

ಲೆಕ್ಕದಹುಳು: ಅದರ ಜಗಳ ಮುಗಿದಿಲ್ಲ. ಫ್ರಾನ್ಸಿನ ಜೀನ್ ಕಾಲ್ಮೆಂಟ್ 1997ರಲ್ಲಿ 122ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಇನ್ನೂ ಯಾರೂ ದಾಟಿಲ್ಲ.