ಬಾರ್ ಇರುವ ಕಟ್ಟಡ ಖಾಲಿ ಮಾಡಿ ಎನ್ನುತ್ತಿದ್ದಾರೆ, ನಮಗೆ ಏನಾದರೂ ರಕ್ಷಣೆ ಇದೆಯಾ?

ಮಲ್ಪೆಯವ:
ಮಲ್ಪೆ ಹತ್ತಿರ ಬಾಡಿಗೆ ಕಟ್ಟಡದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಿದ್ದೇನೆ. ಶುರು ಮಾಡಿದ್ದು ಅಪ್ಪ, ಬಾರ್ ನಡೆಸುವ ಸಿಎಲ್-9 ಲೈಸೆನ್ಸ್ ಈಗ ನನ್ನ ಹೆಸರಲ್ಲಿದೆ. ಹಳೇ ಧಣಿಗಳು ಇರುವಷ್ಟು ಕಾಲ 11 ತಿಂಗಳ ಅಗ್ರಿಮೆಂಟ್ ಮುಗಿದರೂ ಏನೂ ಕೇಳುತ್ತಿರಲಿಲ್ಲ, ಬಾಡಿಗೆ ತೆಗೆದುಕೊಂಡು ಸುಮ್ಮನಿರುತ್ತಿದ್ದರು. ಈಗ ಅವರ ಮಗ ಬಂದು, ಚೌತಿಯೊಳಗೆ ಖಾಲಿ ಮಾಡಿ, ಇಲ್ಲದಿದ್ದರೆ ಬೀಗ ಹಾಕುತ್ತೇನೆ ಎನ್ನುತ್ತಿದ್ದಾರೆ. ಕಳೆದ ವರ್ಷವಷ್ಟೇ ಅಂಜಲ್, ಬಂಗುಡೆ ಇಡಲು ಕೋಲ್ಡ್ ರೂಮ್ ಹಾಕಿಸಿದ್ದೆ. ಅಡುಗೆಯವರು, ಸಪ್ಲಾಯರ್‌ಗಳು ಎಲ್ಲ ಅಪ್ಪನ ಕಾಲದವರು. ಅವರ ಮುಖ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿರುವ ಭಾವ ಹೇಳುತ್ತಾರೆ, ಅಲ್ಲಿ ಲೀಸ್ ಮುಗಿಯಿತು ಎಂದು ಪಬ್‌ನವರನ್ನು ಸುಮ್ನೆ ಹೊರಗೆ ಹಾಕುವ ಹಾಗಿಲ್ಲವಂತೆ. ನಮ್ಮಲ್ಲಿ?

ಕೊಡಿಯಾಲ್‌ಬೈಲ್ ವಕೀಲ:
ಭಾವ ಹೇಳಿದ್ದು ಅಲ್ಲಿಗೆ ಸರಿ ಮಾರಾಯ್ರೆ. ಆದರೆ ಅಲ್ಲಿಯೂ 1954ರ ಕಾನೂನು ಅಂಗಡಿ, ಆಫೀಸುಗಳಿಗೆ ರಕ್ಷಣೆ ಕೊಟ್ಟು ಪಬ್‌ಗಳನ್ನು ಹೊರಗಿಟ್ಟಿತ್ತು. 1990ರ ಕಾಯ್ದೆ ಬಂದ ಮೇಲೆಯೇ ಅವರಿಗೂ ಹೊಸ ಲೀಸ್ ಕೇಳುವ ಹಕ್ಕು ಸಿಕ್ಕಿತು.

ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್‌ಗಿಂತ ದೊಡ್ಡ ವ್ಯಾಪಾರದ ಜಾಗಕ್ಕೆ ಅನ್ವಯಿಸುವುದಿಲ್ಲ. ಅಂದರೆ ಸುಮಾರು 150 ಚದರ ಅಡಿ. ಬೀಡಾ ಅಂಗಡಿಗೆ ಇರುವ ಆಸರೆ, ಅಷ್ಟು ಜನ ದುಡಿಯುವ ನಿಮ್ಮ ಜಾಗಕ್ಕಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನಿಮಗೆ ಉಳಿಯುವುದು 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆ್ಯಕ್ಟ್. ಅವಧಿ ಮುಗಿದ ಮೇಲೂ ಬಾಡಿಗೆ ತೆಗೆದುಕೊಂಡಿದ್ದಾರಲ್ವಾ, ಹಾಗಾಗಿ ನೀವು ತಿಂಗಳ ಬಾಡಿಗೆದಾರ. ಬಿಡಿಸಬೇಕಾದರೆ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತು ನಡೆಯುವುದಿಲ್ಲ. ನೋಟಿಸ್ ಮುಗಿದರೂ ಅವರೇ ಬೀಗ ಹಾಕುವಂತಿಲ್ಲ, ಕೋರ್ಟಿಗೆ ಹೋಗಬೇಕು. ಹಾಕಿದರೆ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್ 6ನೇ ಸೆಕ್ಷನ್‌ನಡಿ 6 ತಿಂಗಳೊಳಗೆ ದಾವೆ ಹೂಡಿ ಜಾಗ ವಾಪಸ್ ಪಡೆಯಬಹುದು. ಬಾಡಿಗೆ ಒಂದು ತಿಂಗಳೂ ತಪ್ಪಿಸಬೇಡಿ. ಕೈಗೆ ಕೊಡದೆ ಬ್ಯಾಂಕ್‌ನಲ್ಲೇ ಹಾಕಿ.

ಸುರತ್ಕಲ್ ಅಣ್ಣ:
ಕೋರ್ಟು ಒಂದು ಕಡೆ ಇರಲಿ, ಇವತ್ತಿಂದಲೇ ಬೇರೆ ಜಾಗ ನೋಡಿ. ಲೈಸೆನ್ಸ್ ನಿಮ್ಮದಾದರೂ ಅದರಲ್ಲಿ ಬರೆದಿರುವುದು ಆ ಕಟ್ಟಡ. ಅಬಕಾರಿಯವರ ಅನುಮತಿ ಇಲ್ಲದೆ ಪಕ್ಕದ ಬಾಗಿಲಿಗೂ ಹೋಗುವಂತಿಲ್ಲ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಬೇಕು. ನಮಗೆ ಒಂದು ಜಾಗದಲ್ಲಿ ಬಾಡಿಗೆ, ಪಾರ್ಕಿಂಗ್ ಎಲ್ಲ ಸರಿಯಿತ್ತು. ಅಡುಗೆಮನೆ ಹಿಂದಿನ ಓಣಿಯಲ್ಲಿ ಶಾಲೆಯ ಗೇಟು! ಕೈಬಿಡಬೇಕಾಯಿತು.

ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ಶಿಫ್ಟ್ ಮಾಡುವಾಗ ಅದನ್ನೂ ಲೆಕ್ಕ ಹಾಕಿಕೊಳ್ಳಿ. ಈ ಸಲ 11 ತಿಂಗಳದ್ದು ಬೇಡವೇ ಬೇಡ. ಐದಾರು ವರ್ಷದ ಲೀಸ್ ಮಾಡಿಸಿ, ರಿಜಿಸ್ಟರ್ ಮಾಡಿಸಿ. ಒಂದು ವರ್ಷಕ್ಕಿಂತ ಜಾಸ್ತಿ ಆದರೆ ರಿಜಿಸ್ಟರ್ ಆಗಲೇಬೇಕು. ಮುಂದೆ ಧಣಿಗಳು ಜಾಗ ಬಿಡಿಸುವುದಾದರೆ ಲೈಸೆನ್ಸ್ ಶಿಫ್ಟ್ ಆಗುವವರೆಗೆ ಸಮಯ ಕೊಡಬೇಕು ಎಂದೂ ಬರೆಸಿ.

ಮಲ್ಪೆಯವ:
ತುಂಬಾ ಉಪಕಾರ ಆಯಿತು. ಕೋಲ್ಡ್ ರೂಮ್ ಬಿಟ್ಟು ಹೋಗಬೇಕು ಎನ್ನುತ್ತಿದ್ದಾರೆ. ನಿಜವಾ?

ಕೊಡಿಯಾಲ್‌ಬೈಲ್ ವಕೀಲ:
ಅಗ್ರಿಮೆಂಟ್‌ನಲ್ಲಿ ಹಾಗೆ ಬರೆದಿಲ್ಲದಿದ್ದರೆ ನೀವು ಹಾಕಿಸಿದ್ದನ್ನು ಬಿಚ್ಚಿ ಒಯ್ಯಬಹುದು. ಆದರೆ ಜಾಗ ಬಿಡುವ ಮೊದಲೇ ಒಯ್ಯಬೇಕು, ಗೋಡೆ ನೆಲ ಮೊದಲಿನಂತೆ ಮಾಡಿಕೊಡಬೇಕು. ಬಿಲ್ಲುಗಳನ್ನು ಹುಡುಕಿ ಇಟ್ಟುಕೊಳ್ಳಿ.