ಮನೆಯಲ್ಲೇ ಓದುವ ಮಕ್ಕಳಿಗೆ ಸಂಗೀತ: ಮೇಲಿನ ಸಾ ಬಂದರೆ ಮಗಳು ಕಿರುಚುತ್ತಾಳೆ

ನವನಗರದವಳು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ 9, ಮಗನಿಗೆ 6. ಎರಡು ವರ್ಷದಿಂದ ಇಬ್ಬರಿಗೂ ಮನೆಯಲ್ಲೇ ಪಾಠ. ಶಾಲೆ ಯಾಕೆ ಬಿಡಿಸಿದ್ರಿ ಅಂತ ಮಾತ್ರ ಕೇಳಬೇಡಿ, ಹೇಳಿ ಹೇಳಿ ಸಾಕಾಗಿದೆ. ಗಣಿತ, ಕನ್ನಡ ಹೇಗೋ ನಡೆದಿದೆ. ಸಂಗೀತದಲ್ಲೇ ಎಡವಿದ್ದೇನೆ.

ಮನೆಯಲ್ಲಿ ಮಾವನವರ ಪೇಟಿ (ಹಾರ್ಮೋನಿಯಂ) ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಬಿಡಬೇಕಾದಾಗ ಅತ್ತೆ ಅದನ್ನು ಕೌದಿಯಲ್ಲಿ ಸುತ್ತಿ ತಂದಿದ್ದರಂತೆ. ಎಡಗಡೆ ಒಂದು ಪಟ್ಟಿ ಒತ್ತಿದರೆ ಮೇಲೆ ಏಳುವುದಿಲ್ಲ, ಬೆರಳಿಂದ ಎತ್ತಬೇಕು. ಉಳಿದದ್ದು ಚೆನ್ನಾಗಿದೆ. ಮಾವ ಭಜನೆಗೆ ಕೂತರೆ ಕರಿ ಒಂದರಲ್ಲೇ, ಅಂದರೆ ಎರಡು ಕರಿ ಪಟ್ಟಿಗಳ ಗುಂಪಿನ ಮೊದಲನೆಯದನ್ನು ಸಾ ಮಾಡಿಕೊಂಡು, ಹಾಡುತ್ತಿದ್ದರು. ಆ ಪಟ್ಟಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟುಕೊಂಡಿದ್ದಾರೆ. ನಾನೂ ಅಲ್ಲಿಂದಲೇ ಸರಿಗಮ ಶುರು ಮಾಡಿಸಿದೆ. ನಾನು ಕಲಿತದ್ದು ಗಾಂಧರ್ವ ಮಂಡಳದ ಪ್ರವೇಶಿಕಾ ಪ್ರಥಮ ಪರೀಕ್ಷೆಯವರೆಗೆ, ಅದೂ ಮದುವೆಗೆ ಮುಂಚೆ.

ದಿನಾ ಬೆಳಿಗ್ಗೆ 7ರಿಂದ 7.45. ಮಗಳು ಪ ತನಕ ಚೆಂದ ಹಾಡುತ್ತಾಳೆ. ನಿ ದಾಟಿದರೆ ಕುತ್ತಿಗೆಯ ನರ ಎದ್ದು ಬರುತ್ತೆ, ಮೇಲಿನ ಸಾ ಹಾಡೋದಲ್ಲ, ಕಿರುಚೋದು. ನನಗೂ ಆ ಸಾ ಸಲೀಸಾಗಿ ಮುಟ್ಟೋದಿಲ್ಲ. ನಮ್ಮ ಗಂಟಲೇ ಹಾಗೆ ಅಂದುಕೊಂಡಿದ್ದೆ. ಹೋದ ವಾರ ಅವಳು ಪುಸ್ತಕ ಮುಚ್ಚಿ, "ಅವ್ವಾ, ನನ್ನ ದನಿ ಚೊಲೊ ಇಲ್ಲ" ಅಂದಳು. ಮಗನಂತೂ ಹತ್ತು ನಿಮಿಷಕ್ಕೆ ಮಂಚದ ಕೆಳಗೆ.

ಊರಲ್ಲೇ ಒಂದು ಕ್ಲಾಸಿಗೆ ಹಾಕಿದ್ವಿ. ಮೂವತ್ತು ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಎಲ್ಲರೂ ಸೇರಿ ಒದರೋದು. ಎರಡು ತಿಂಗಳಿಗೆ ಬಿಡಿಸಿದೆ. ಏನು ಮಾಡಲಿ? ಮುಂದೆ ಪರೀಕ್ಷೆ ಕಟ್ಟಿಸಬೇಕು ಅಂದರೆ ಶಾಲೆಯ ಸರ್ಟಿಫಿಕೇಟು ಬೇಕಾಗುತ್ತಾ?

ತಂಬೂರಿ ತಾತ, ಬೆಳಗಾವಿ

ತಂಗಿ, ಮೊದಲು ಆ ಕೆಂಪು ಚುಕ್ಕೆ ಅಳಿಸಿ. ಬೇಡ ಬೇಡ, ಮಾವನವರ ನೆನಪು, ಇರಲಿ. ಬೇರೆ ಬಣ್ಣದಲ್ಲಿ ಇನ್ನೊಂದು ಇಡಿ.

ಕರಿ ಒಂದು ಗಂಡಸರ ಪಟ್ಟಿ. ಅವರು ಅದನ್ನು ಕೆಳಗಿನ ಸಪ್ತಕದಲ್ಲಿ (ಸಾದಿಂದ ನಿ ತನಕದ ಸಾಲು) ಹಾಡುತ್ತಾರೆ. ನಿಮ್ಮ ಮಗಳು ಅದೇ ಸಾ ಒಂದು ಸಪ್ತಕ ಮೇಲೆ ಹಿಡಿಯುತ್ತಾಳೆ. ಅಲ್ಲಿಂದ ಮತ್ತೆ ಎಂಟು ಸ್ವರ ಮೇಲೆ ಹತ್ತು ಅಂದರೆ ಆ ಕೂಸು ಒದರದೆ ಇನ್ನೇನು ಮಾಡೀತು? ಹೆಂಗಸರ ದನಿ ಹೆಚ್ಚಾಗಿ ಕರಿ ನಾಲ್ಕು, ಕರಿ ಐದರ ಸುತ್ತ ಕೂರುತ್ತದೆ. ಹಾಗಾಗಿ ನಿಮಗೂ ಮುಟ್ಟೋದಿಲ್ಲ. ತಪ್ಪು ಗಂಟಲಿನದಲ್ಲ.

ಕೆಂಪು ಚುಕ್ಕೆಯಿಂದ ಎಡಕ್ಕೆ ಹೋದರೆ ಮೊದಲು ಸಿಗುವ ಕರಿ ಪಟ್ಟಿಯೇ ಕರಿ ಐದು. ಸದ್ಯಕ್ಕೆ ಅದನ್ನೇ ಸಾ ಮಾಡಿ. ಕರಿ ಬಿಳಿ ಸೇರಿ ಮೂರು ಮನೆ ಇಳಿದರೆ ಸಾಕು, ಎಷ್ಟು ಹಗುರಾಗುತ್ತೆ ನೋಡಿ. ಅದೂ ಜಾಸ್ತಿ ಆಯಿತು ಅಂದರೆ ಕರಿ ನಾಲ್ಕು. ಪೇಟಿ ಮುಚ್ಚಿಟ್ಟು ಅವಳಿಗೆ ಇಷ್ಟದ ಹಾಡು ಗುನುಗಲು ಹೇಳಿ. ಎಲ್ಲಿ ಬಂದು ನಿಲ್ಲುತ್ತಾಳೋ ಕಿವಿಗೊಟ್ಟು ಕೇಳಿ, ಆ ಪಟ್ಟಿ ಹುಡುಕಿ. ಮೇಲಿನ ಸಾ ಇನ್ನೂ ಒಂದು ತಿಂಗಳು ಹಾಡಿಸಲೇಬೇಡಿ. ಕೆಳಗಿನ ಪ ಕಡೆ ಇಳಿಸಿ.

ಚಿಕ್ಕವನಿಗೆ ಒಂದು ಆಟ. ಪೇಟಿಯಲ್ಲಿ ಕರಿ ಮೂರನ್ನು ಸಾ ಮಾಡಿಕೊಂಡು ಬಿಳಿ ಮುಟ್ಟದೆ ಬರೀ ಕರಿ ಪಟ್ಟಿ ಒತ್ತುತ್ತಾ ಹೋಗಲಿ. ಸಾ ರಿ ಗ ಪ ಧ ಸಾ. ಅದೇ ಭೂಪ ರಾಗ. ಅದರಲ್ಲಿ ಮ ಇಲ್ಲ, ನಿ ಇಲ್ಲ. ಎಲ್ಲಿ ಬೆರಳಿಟ್ಟರೂ ತಪ್ಪು ಸ್ವರ ಬರೋದೇ ಇಲ್ಲ!

ಇನ್ನೊಂದು ಮಾತು. ಪ್ರತಿ ಸ್ವರಕ್ಕೂ ಪೇಟಿ ಒತ್ತಿ ಹಾಡಿಸಬೇಡಿ. ಪೇಟಿಯ ಶುದ್ಧ ಗಂಧಾರ ತಂಬೂರಿಯಲ್ಲಿ ಕೇಳಿಬರುವ ಗಂಧಾರಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂತೂ ಅದರಲ್ಲಿ ಬರೋದೇ ಇಲ್ಲ. ಆಕಾಶವಾಣಿಯವರು 1940ರಲ್ಲಿ ಪೇಟಿಯನ್ನೇ ಹೊರಗಿಟ್ಟಿದ್ದರು, 1971ರ ತನಕ. ಅಷ್ಟು ಕಟ್ಟುನಿಟ್ಟು ನಮಗೆ ಬೇಡ. ಮೊಬೈಲಿನಲ್ಲಿ ತಂಬೂರಿ ಹಚ್ಚಿಡಿ, ಸಾ ಮರೆತಾಗ ಮಾತ್ರ ಪೇಟಿ ಮುಟ್ಟಿ. ನಮ್ಮ ಪಕ್ಕದ ಸುಳೇಭಾವಿಯ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಚಿಕ್ಕವರಿದ್ದಾಗ ಗ್ರಾಮಫೋನ್ ತಟ್ಟೆ ಕೇಳಿಯೇ ದೊಡ್ಡ ದೊಡ್ಡವರ ಗಾಯನ ಒಪ್ಪಿಸುತ್ತಿದ್ದರು. ನಮ್ಮ ಮಕ್ಕಳು ಕುಮಾರ ಗಂಧರ್ವ ಆಗಲ್ಲ ಬಿಡಿ, ಆದರೆ ಪುಸ್ತಕಕ್ಕಿಂತ ಮೊದಲು ಕಿವಿ.

ಬಿಳಿಜೋಳ, ವಿಜಯಪುರ

ಅಕ್ಕಾ, ಆರು ವರ್ಷದವನನ್ನು ಮುಕ್ಕಾಲು ತಾಸು ಕೂರಿಸ್ತೀರಾ? ನಾನೇ ಕೂರಲ್ಲ!

ನನ್ನ ಮಗನೂ ಹೀಗೇ ಇದ್ದ. ಅವನಿಗೆ ತಾಳ ಹತ್ತಿದ್ದು ಅಡುಗೆಮನೆಯಲ್ಲಿ. ನಮ್ಮ ಅತ್ತೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಡಬ್ಬಿ ಮುಚ್ಚಳ ಬಡಿಯುತ್ತಿದ್ದ. ಅದಕ್ಕೇ ಬೋಲ್ (ತಬಲಾದ ನುಡಿ) ಸೇರಿಸಿದೆ: ಧಾ ಗೆ ನ ತಿ, ನ ಕ ಧಿ ನ. ಎಂಟು ಮಾತ್ರೆ (ಎಣಿಕೆ), ಕೆಹರವಾ ತಾಳ. ರೊಟ್ಟಿ ತಿರುಗಿಸಲು ಅತ್ತೆ ಕೈ ನಿಲ್ಲಿಸಿದರೆ, "ಅಜ್ಜಿ, ತಾಳ ತಪ್ಪಿತು" ಅಂತ ಜಗಳಕ್ಕೆ ಬರ್ತಿದ್ದ. ಆಮೇಲೆ ತೀನತಾಳ, ಹದಿನಾರು ಮಾತ್ರೆ. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಕೈ ಬೀಸೋದು. ಆ ಖಾಲಿಗೋಸ್ಕರವೇ ಕಾದು ಕೂತಿರುತ್ತಿದ್ದ. ಹತ್ತು ನಿಮಿಷ ಸಾಕು ಅಕ್ಕಾ, ಬೇಕಾದರೆ ಸಂಜೆ ಮತ್ತೆ ಹತ್ತು.

ಮನೆಪಾಠದ ಅಪ್ಪ, ಬೆಳಗಾವಿ

ಪರೀಕ್ಷೆ ಬಗ್ಗೆ ಮಾತ್ರ ಹೇಳ್ತೀನಿ. ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) 10ನೇ ತರಗತಿಯಲ್ಲಿ ಹಿಂದೂಸ್ತಾನಿ ಸಂಗೀತವನ್ನು ಒಂದು ವಿಷಯವಾಗಿಯೇ ತಗೋಬಹುದು, ಕರ್ನಾಟಕ ಸಂಗೀತವೂ ಇದೆ. ಆದರೆ 14 ವರ್ಷ ತುಂಬಿರಬೇಕು, ಇನ್ನೂ ಟೈಮಿದೆ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಸಂಗೀತ ಪರೀಕ್ಷೆಗಳು ನಿಮಗೆ ಗೊತ್ತೇ ಇವೆ, ಪ್ರಾರಂಭಿಕದಿಂದ ಅಲಂಕಾರದವರೆಗೆ. ಫಾರ್ಮ್ ತುಂಬುವಾಗ ಏನೇನು ಕೇಳುತ್ತಾರೆ ಅಂತ ಹತ್ತಿರದ ಪರೀಕ್ಷಾ ಕೇಂದ್ರದಲ್ಲೇ ವಿಚಾರಿಸಿ. ನನ್ನ ಕೇಳಿದರೆ ಈಗಲೇ ಬೇಡ. ನಮ್ಮ ದೊಡ್ಡವಳಿಗೆ 8 ವರ್ಷಕ್ಕೇ ಕಟ್ಟಿಸಿದ್ವಿ. ಪರೀಕ್ಷೆ ಪಾಸಾದಳು, ಹಾಡೋದು ಬಿಟ್ಟಳು.

ನವನಗರದವಳು, ಬಾಗಲಕೋಟೆ

ಹನ್ನೆರಡು ದಿನ ಆಯಿತು, ಹೇಳಿಬಿಡೋಣ ಅಂತ ಬಂದೆ.

ತಾತ, ನಗಬೇಡಿ. ಮೇಲೆ ಏಳದ ಪಟ್ಟಿ ಇದೆ ಅಂದಿದ್ದೆನಲ್ಲ, ಅದೇ ಕರಿ ಐದು! ಒಮ್ಮೆ ಒತ್ತಿಬಿಟ್ಟರೆ ಸಾ ತಾನೇ ಹಿಡಿದು ಕೂರುತ್ತೆ. ಮಗ ಭಾತೆ (ಪೇಟಿಯ ಗಾಳಿ ತಿದಿ) ಹಾಕುತ್ತಾನೆ, ಅದೇ ಅವನ ಕೆಲಸ. ಮಗಳು ಮೊದಲ ದಿನ ಧ ತನಕ ಹೋಗಿ ನಿಂತು ನನ್ನ ಮುಖ ನೋಡಿದಳು, ಬೈಸಿಕೊಳ್ಳಲು ಕಾಯ್ತಿದ್ದಳೇನೋ. ಸಾಕು ಅಂದೆ. ನಾಲ್ಕನೇ ದಿನ ನೀರು ತುಂಬುತ್ತಾ ತಾನೇ ಹಾಡಿಕೊಂಡು ಮೇಲಿನ ಸಾ ಮುಟ್ಟಿದ್ದಾಳೆ. ಅವಳಿಗೇ ಗೊತ್ತಿಲ್ಲ, ನಾನೂ ಹೇಳಿಲ್ಲ.

ಮೊನ್ನೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಮಾವ ಇರುವಾಗ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. "ಅವರ ಪಟ್ಟಿ ನನಗೆ ಮುಟ್ಟತಿದ್ದಿಲ್ಲ, ಬರೇ ತಾಳ ಹಾಕತಿದ್ದೆ" ಅಂದರು. ಆಮೇಲೆ ಕರಿ ಐದರಲ್ಲಿ ಒಂದು ತತ್ವಪದ ಪೂರ್ತಿ ಹಾಡಿದರು. ಮಗಳು ಈಗ ಅದನ್ನೇ ಕಲಿಯುತ್ತಿದ್ದಾಳೆ.

ಪೇಟಿ ರಿಪೇರಿಗೆ ಮಿರಜಿಗೇ ಒಯ್ಯಬೇಕಾ?

ತಂಬೂರಿ ತಾತ, ಬೆಳಗಾವಿ

ಮಿರಜ ಸಿತಾರ, ತಂಬೂರಿಗೆ ಹೆಸರುವಾಸಿ ತಂಗಿ, ಪೇಟಿಗೆ ಅಷ್ಟು ದೂರ ಯಾಕೆ. ಒಳಗಿನ ಸ್ಪ್ರಿಂಗ್ ಸಡಿಲಾಗಿರಬೇಕು, ಇಲ್ಲವೇ ಕಟ್ಟಿಗೆ ಉಬ್ಬಿ ಪಕ್ಕದ ಪಟ್ಟಿಗೆ ತಾಗುತ್ತಿರಬೇಕು. ಸಣ್ಣ ಕೆಲಸ. ಆದರೆ ಸದ್ಯ ಮುಟ್ಟಿಸಬೇಡಿ, ಹುಡುಗನ ಕೆಲಸ ಹೋದೀತು.