ವಿಂಡೋಸ್ 11 ಜೊತೆ ಉಬುಂಟು: ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ

ಪ್ರಶ್ನೆ:
ಇಂಟೆಲ್ ಲ್ಯಾಪ್‌ಟಾಪ್, 512 ಜಿಬಿ ಎಸ್‌ಎಸ್‌ಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 100 ಜಿಬಿ ಖಾಲಿ ಬಿಟ್ಟಿದ್ದೇನೆ. ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಆಗುತ್ತೆ, ಆದರೆ ಡಿಸ್ಕ್ ಪಟ್ಟಿ ಖಾಲಿ. ಏನು ಮಾಡಲಿ?

ಉತ್ತರ 1:
ಬಯೋಸ್‌ನಲ್ಲಿ (ವಿಂಡೋಸ್ ತೆರೆಯುವ ಮೊದಲೇ ಬರುವ ಸೆಟಪ್) ಸ್ಟೋರೇಜ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನುವ ಇಂಟೆಲ್ ಮೋಡ್‌ನಲ್ಲಿದೆಯಾ ನೋಡಿ, ಅದರಿಂದ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದೇ ಇರಬಹುದು. ಇದ್ದರೆ ಎಎಚ್‌ಸಿಐ ಅನ್ನುವ ಸಾಮಾನ್ಯ ಮೋಡ್‌ಗೆ ಬದಲಿಸಬೇಕು. ನೇರವಾಗಿ ಮಾತ್ರ ಬದಲಿಸಬೇಡಿ. ಹೊಸ ಮೋಡ್‌ನ ಡ್ರೈವರ್ ಲೋಡ್ ಆಗದೆ ವಿಂಡೋಸ್ ನೀಲಿ ಪರದೆಯಲ್ಲೇ ನಿಲ್ಲುತ್ತೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಟೂಲ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗಲೇ ಬಯೋಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್ ಒಮ್ಮೆ ತೆರೆದುಕೊಂಡರೆ ಆ ಟಿಕ್ ತೆಗೆಯಿರಿ. ಅಲ್ಲಿ ಪಿನ್ ನಡೆಯದೇ ಇರಬಹುದು, ಪಾಸ್‌ವರ್ಡ್ ಗೊತ್ತಿರಲಿ.

ಉತ್ತರ 2:
ಇದಕ್ಕೆಲ್ಲ ಮುಂಚೆ ಬಿಟ್‌ಲಾಕರ್ (ಡಿಸ್ಕ್ ಅನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ನೋಡಿ! ಆನ್ ಇದ್ದು ಬಯೋಸ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಅನ್ನು ಪೂರ್ತಿ ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ಪೂ ಬೇಡ. ಅದಿದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಉಬುಂಟುವಿನಿಂದ ಸಿ ಡ್ರೈವ್‌ಗೆ ಏನೂ ಬರೆಯಲಾಗದು.

ಉತ್ತರ 3:
ಎರಡೂ ಕೂತ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಮದರ್‌ಬೋರ್ಡ್ ಗಡಿಯಾರವನ್ನು ಉಬುಂಟು ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಅಂತ ಓದುತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂತ. ಉಬುಂಟುವನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿ, ಸಾಕು.